ಅಂಜನಾಪುರದಲ್ಲಿ ಅಲುಗಾಡದ ಜೇನು

ಭಾನುವಾರ ಬೆಳಗಿನ ಐದೂಮುಕ್ಕಾಲಿಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬಸ್ಸು ಹತ್ತಿದೆವು. ನಾನು, ನನ್ನ ಪತಿ ಶ್ರೀಧರ್, ಅವರ ಕ್ಯಾಮೆರಾ, ಒಂದು ಕಪ್ಪು ಕೊಡೆ, ಸುರುಳಿ ಸುತ್ತಿದ ಎರಡು ಬಿಳಿ ಡ್ರಾಯಿಂಗ್ ಹಾಳೆ, ಡಬ್ಬಿಯಲ್ಲಿ ಉಪ್ಪಿಟ್ಟು. ಕೋಣನಕುಂಟೆ ಕ್ರಾಸಿಗೆ ತಲಾ ಎಪ್ಪತ್ತು ಪೈಸೆ. ಕಾರ್ತಿಕದ ಚಳಿಗೆ ಬಸ್ಸಿನ ಕಿಟಕಿಗಳೆಲ್ಲ ಮುಚ್ಚಿದ್ದವು. ಕಂಡಕ್ಟರ್ ಕೊಡೆಯನ್ನು ನೋಡಿ, "ಮಳೆ ಎಲ್ಲೈತೆ ಸಾರ್?" ಎಂದ.

"ಇದು ಗಾಳಿಗೆ," ಎಂದರು ಶ್ರೀಧರ್.

"ಗಾಳಿಗೆ ಕೊಡೆ ಹಿಡಿಯೋರನ್ನ ಇವತ್ತೇ ನೋಡಿದ್ದು," ಎಂದು ಅವನು ಟಿಕೆಟ್ ಹರಿದು ಕೊಟ್ಟ. ನಾವು ನಕ್ಕೆವು. ಇದಾಗಿ ಮೂರು ವಾರವಾಗಿದೆ. ಆ ನಗುವಿನಿಂದ ಹಿಡಿದು ಮಧ್ಯಾಹ್ನ ಮೂರರವರೆಗಿನ ಒಂದೊಂದು ನಿಮಿಷವೂ ಪ್ರತಿದಿನ ನನ್ನ ಕಣ್ಣ ಮುಂದೆ ಹಾದುಹೋಗುತ್ತದೆ. ಬರೆದರೆ ಸಿಟ್ಟು ಇಳಿದೀತೆಂದು ಕುಳಿತಿದ್ದೇನೆ. ಇಳಿಯುವ ಲಕ್ಷಣವಿಲ್ಲ.

ಶ್ರೀಧರ್ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್. ಅವರಿಗೆ ಹೂವಿನ ಮೇಲಿನ ಹುಳಗಳ ಫೋಟೋ ತೆಗೆಯುವ ಹುಚ್ಚು. ಕುವೈತಿನಲ್ಲಿರುವ ನನ್ನ ತಮ್ಮ ತಂದುಕೊಟ್ಟ ಮ್ಯಾಕ್ರೋ ಲೆನ್ಸನ್ನು ಅವರು ಹಳೆಯ ಮಫ್ಲರಿನಲ್ಲಿ ಸುತ್ತಿಡುತ್ತಾರೆ. ಆ ಲೆನ್ಸಿನಲ್ಲಿ ಜೇನಿನ ಕಣ್ಣಿನ ಮೇಲಿನ ರೋಮವೂ ಕಾಣುತ್ತದೆ. ಆದರೆ ಕೂದಲೆಳೆಯಷ್ಟು ಹಿಂದೆ ಮುಂದೆ ಆದರೂ ಚಿತ್ರ ಮಸುಕು. ಫ್ಲಾಷ್ ಅವರಿಗೆ ಆಗದು. "ಫ್ಲಾಷ್ ಹೊಡೆದರೆ ಹಗಲು ಹಾರೋ ಜೇನು ಮಸಿ ಗೋಡೆಗೆ ಅಂಟಿಸಿದ ಹಾಗೆ ಕಾಣುತ್ತೆ," ಎನ್ನುತ್ತಾರೆ. ಸೂರ್ಯನ ಬೆಳಕಷ್ಟೇ ಸಾಕು ಎಂದರೆ ಶಟರ್ ನಿಧಾನವಾಗಿಡಬೇಕು. ಶಟರ್ ನಿಧಾನವಾದರೆ ಹುಳ ಅಲುಗಾಡಬಾರದು. ಅದಕ್ಕೇ ನಸುಕಿನ ಪ್ರಯಾಣ. ರಾತ್ರಿಯ ಚಳಿಗೆ ಮರಗಟ್ಟಿದ ಹುಳಗಳು ಬಿಸಿಲು ತಾಗುವ ತನಕ ಹೂವಿನ ಮೇಲೇ ಕುಳಿತಿರುತ್ತವೆ. ಅವರು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುತ್ತಾರೆ. ನಾನು ಕೊಡೆಯಿಂದ ಗಾಳಿ ತಡೆದು, ಬಿಳಿ ಹಾಳೆಯಿಂದ ಬೆಳಕನ್ನು ಹೂವಿನ ನೆರಳಿನ ಬದಿಗೆ ತಿರುಗಿಸುತ್ತೇನೆ. ನಾಲ್ಕು ವರ್ಷಗಳಿಂದ ನಮ್ಮ ಭಾನುವಾರಗಳು ಹೀಗೇ ಕಳೆದಿವೆ.

ಸಾರಕ್ಕಿ ಕೆರೆಯ ಮೇಲೆ ಮಂಜು ನಿಂತಿತ್ತು. ರಸ್ತೆಯ ಎರಡೂ ಬದಿಯಲ್ಲಿ ಸೈಟುಗಳ ಗುರುತಿನ ಕಲ್ಲುಗಳು, ಅವುಗಳ ನಡುವೆ ಇನ್ನೂ ಕೊಯ್ಯದ ರಾಗಿ. ಕ್ರಾಸಿನಲ್ಲಿ ಇಳಿದು ಗೂಡಂಗಡಿಯಲ್ಲಿ ಚಹಾ ಕುಡಿದು, ಅಂಜನಾಪುರದ ಕಡೆಗೆ ನಡೆದೆವು. ಮಣ್ಣು ದಾರಿ, ಮುಕ್ಕಾಲು ಗಂಟೆ.

ಅಲ್ಲಿ ಮುನಿರಾಜಪ್ಪ ಎಂಬವರ ಒಂದೂವರೆ ಎಕರೆ ಸೇವಂತಿಗೆ ತೋಟವಿದೆ. ಹಿಂದಿನ ತಿಂಗಳು ದಾರಿಯಲ್ಲಿ ಸಿಕ್ಕಾಗ, ಹುಳಗಳ ಫೋಟೋ ತೆಗೆಯಬಹುದೇ ಎಂದು ಕೇಳಿದ್ದೆವು. "ಹುಳ ತಾನೇ ಸಾರ್? ಒಂದೂ ಬಿಡ್ದಂಗೆ ಎಲ್ಲಾ ತಗೊಂಡೋಗಿ," ಎಂದಿದ್ದರು. ನಾವು ತಲುಪಿದಾಗ ಅವರೂ ಅವರ ಹೆಂಡತಿ ಹೊನ್ನಮ್ಮನೂ ತೋಟದ ಆ ತುದಿಯಲ್ಲಿ ಹೂ ಬಿಡಿಸುತ್ತಿದ್ದರು. ದೂರದಿಂದಲೇ ಕೈ ಬೀಸಿದರು. ನಾವೂ ಬೀಸಿ ಈ ತುದಿಯಲ್ಲಿ ಕೆಲಸಕ್ಕೆ ಇಳಿದೆವು.

ಹಳದಿ ಹೂಗಳ ಮೇಲೆ ಇಬ್ಬನಿ, ಹೂವಿಗೊಂದು ಜೇನು. ಶ್ರೀಧರ್ ಅರ್ಧ ತೋಳಿನ ಅಂಗಿಯಲ್ಲಿ ಒದ್ದೆ ಸಾಲುಗಳ ನಡುವೆ ಮಲಗಿ, ಮೊಣಕೈ ಊರಿ, ಇಡೀ ಮೈಯನ್ನು ಹಿಂದೆ ಮುಂದೆ ತೂಗುತ್ತಾ ಫೋಕಸ್ ಹುಡುಕಿದರು. ಒಂದು, ಎರಡು, ಐದು ಚಿತ್ರ. ಮುಖಕ್ಕೆ ಎಲೆ ತಾಗಿದರೆ ಒದ್ದೆ ಕೈಯಿಂದಲೇ ಕಣ್ಣೊರೆಸಿಕೊಂಡರು. ಎಂಟಾಯಿತು. ಬಿಸಿಲು ಹೂಗಳ ಮೇಲೆ ಬಿತ್ತು. ಬೇರೆ ದಿನಗಳಲ್ಲಿ ಆ ಹೊತ್ತಿಗೆ ನಮ್ಮ ಕೆಲಸ ಮುಗಿಯುತ್ತದೆ. ಮೈ ಬೆಚ್ಚಗಾದ ಜೇನು ರೆಕ್ಕೆ ನಡುಗಿಸಿ ಹಾರಿಬಿಡುತ್ತದೆ. ಅಂದು ಒಂದೂ ಹಾರಲಿಲ್ಲ.

"ಎಂಥ ಅದೃಷ್ಟ ನೋಡೇ ವತ್ಸಲ," ಎಂದರು. "ಪೋಸ್ ಕೊಡ್ತಾ ಇವೆ. ಇವಕ್ಕೆಲ್ಲಾ ಮೊದಲೇ ಹೇಳಿಟ್ಟಿದ್ಯಾ?"

"ಹೂಂ, ಕಾಗದ ಬರೆದಿದ್ದೆ," ಎಂದೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವವಳು. ಬಿಸಿಲಿನಲ್ಲಿ ಕುಳಿತೇ ಇರುವ ಜೇನಿಗೆ ಏನೋ ಆಗಿದೆ ಎಂದು ಮೊದಲ ವರ್ಷದ ಹುಡುಗಿಯೂ ಹೇಳಬಲ್ಲಳು. ನನ್ನ ಚಪ್ಪಲಿಯ ಪಕ್ಕದಲ್ಲೇ ಅಂಗಾತ ಬಿದ್ದು ಕಾಲು ಬಡಿಯುತ್ತಿದ್ದ ಹತ್ತಾರು ಜೇನುಗಳನ್ನು ನಾನು ನೋಡಲಿಲ್ಲ. ನಾನು ಬಿಳಿ ಹಾಳೆಯನ್ನು ಸರಿಯಾದ ಕೋನದಲ್ಲಿ ಹಿಡಿಯುವುದರಲ್ಲಿದ್ದೆ.

ಒಂಬತ್ತರ ಸುಮಾರಿಗೆ ಶ್ರೀಧರ್ ತಲೆಯೆತ್ತಿ, "ಮೋಡ ಬಂತಾ?" ಎಂದರು.

ಆಕಾಶದಲ್ಲಿ ಒಂದು ಎಳೆ ಮೋಡವೂ ಇರಲಿಲ್ಲ. "ಇಲ್ವಲ್ರೀ," ಎಂದೆ.

"ಬೆಳಕು ಕಮ್ಮಿಯಾಯ್ತು. ಮೀಟರ್ ಮಾತ್ರ ಜಾಸ್ತಿ ತೋರಿಸ್ತಿದೆ. ಕೆಟ್ಟಿರಬೇಕು." ಬೆಳಕು ಅಳೆಯುವ ಆ ಮೀಟರನ್ನು ಬದಿಗಿಟ್ಟು, ತಮ್ಮ ಕಣ್ಣನ್ನೇ ನಂಬಿ ಲೆನ್ಸಿನ ಬಾಯಿ ಅಗಲ ಮಾಡಿ ಮತ್ತೆ ಮೂರು ಚಿತ್ರ ತೆಗೆದರು. ಆಮೇಲೆ ಫೋಕಸ್ ಸಿಗುತ್ತಿಲ್ಲವೆಂದರು. ಬೆವರುತ್ತಿದ್ದರು, ಆ ಚಳಿಯಲ್ಲಿ. ಮೂಗಿನಿಂದ, ಕಣ್ಣಿನಿಂದ ನೀರು. ಏಳಲು ಹೋಗಿ ಮಂಡಿಯೂರಿದರು, ವಾಂತಿ ಮಾಡಿಕೊಂಡರು. ಬಗ್ಗಿ ಅವರ ಮುಖ ಹಿಡಿದು ನೋಡಿದೆ. ಎರಡೂ ಕಣ್ಣಿನ ಪಾಪೆಗಳು ಸೂಜಿಮೊನೆಯಷ್ಟಾಗಿದ್ದವು. ಕೆನ್ನೆಯ ಮಾಂಸ ತನ್ನಷ್ಟಕ್ಕೇ ಅದುರುತ್ತಿತ್ತು.

ಆಗ ನೆಲ ನೋಡಿದೆ. ಜೇನುಗಳನ್ನು ನೋಡಿದೆ.

ನಾನು ಕೂಗಿದ ಕೂಗಿಗೆ ಮುನಿರಾಜಪ್ಪ ಓಡಿಬಂದರು. "ಏನು ಹೊಡೆದಿದ್ದೀರಿ ಈ ತೋಟಕ್ಕೆ? ಯಾವಾಗ?"

"ನೆನ್ನೆ ಸಂಜೆ ಔಷಧಿ ಹೊಡುದ್ವಿ. ಹೇನು ಬಿದ್ದಿತ್ತು."

"ಯಾಕೆ ಹೇಳಲಿಲ್ಲ?"

"ಎಲ್ರೂ ಹೊಡೀತಾರಲ್ಲಕ್ಕ," ಎಂದಳು ಹಿಂದಿನಿಂದ ಬಂದ ಹೊನ್ನಮ್ಮ. ಅವಳಿಗೆ ನಿಜವಾಗಿಯೂ ನನ್ನ ಪ್ರಶ್ನೆ ಅರ್ಥವಾಗಿರಲಿಲ್ಲ. ಮಾರನೆಯ ದಿನ ಕಾರ್ತಿಕ ಸೋಮವಾರ. ಊರಿನ ಶಿವನ ಗುಡಿಗಳಿಗೆಲ್ಲ ಹೂವು ಬೇಕು. ರಸ ಹೀರುವ ಈ ಸಸ್ಯಹೇನು ಹತ್ತಿದ ಹೂವನ್ನು ಮಾರುಕಟ್ಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಆದ್ದರಿಂದ ಶನಿವಾರ ಸಂಜೆ ಸಿಂಪಡಣೆ, ಭಾನುವಾರ ಬೆಳಿಗ್ಗೆ ಬಿಡಿಸುವುದು. ಸುತ್ತಲಿನ ತೋಟಗಳಲ್ಲೆಲ್ಲ ಇದೇ ಪದ್ಧತಿಯಂತೆ. ಎಷ್ಟು ದಿನ ಬಿಟ್ಟು ಹೂ ಬಿಡಿಸಬೇಕೆಂದು ಮಾರಿದವನು ಹೇಳಿರಲಿಲ್ಲ.

ಹೊನ್ನಮ್ಮ ಶ್ರೀಧರರನ್ನು ಒಮ್ಮೆ ನೋಡಿ ಸಮಾಧಾನ ಹೇಳಿದಳು: "ಮಜ್ಜಿಗೆಗೆ ಉಪ್ಪಾಕಿ ಕುಡ್ಸಿ ಅಕ್ಕ, ಒಂದು ಗಂಟೆ ಮಲುಗುದ್ರೆ ಓಯ್ತದೆ. ಔಷಧಿ ಹೊಡೆದ ಮಾರ್ನೆ ದಿನ ನಮ್ಗೆಲ್ಲಾ ಇಂಗೇ ಆಯ್ತದೆ."

"ಕುಡಿಸಬೇಡಿ! ಏನೂ ಕುಡಿಸಬೇಡಿ!" ಎಂದು ನಾನು ಅರಚಿದೆ. ಪಂಪ್‌ಹೌಸಿನ ಪಕ್ಕದ ಸಿಮೆಂಟು ತೊಟ್ಟಿಗೆ ಅವರನ್ನು ಎಳೆದುಕೊಂಡು ಹೋದೆವು. ಅಂಗಿ, ಪ್ಯಾಂಟು ಕಿತ್ತೆಸೆದು, ಬಟ್ಟೆ ಸೋಪಿನಿಂದ ತಲೆ, ಎದೆ, ಕೈ ಉಜ್ಜಿದೆ. ಹೊನ್ನಮ್ಮ ಬಿಂದಿಗೆಯಿಂದ ನೀರು ಸುರಿದಳು. ಮುನಿರಾಜಪ್ಪ ತಮ್ಮ ಪಂಚೆ ತಂದು ಉಡಿಸಿದರು. ಶ್ರೀಧರ್ ಬಾಯಿಂದ ನೊರೆ ಇಳಿಯುತ್ತಿತ್ತು. ನನ್ನ ಹೆಸರು ಹಿಡಿದು ಕೂಗಲು ಹೋದರು. ಮೊದಲ ಅಕ್ಷರದಾಚೆ ದಾಟಲಿಲ್ಲ.

ಊರಿನಲ್ಲಿ ಫೋನಿಲ್ಲ, ಡಾಕ್ಟರಿಲ್ಲ. ಹೂವು ಒಯ್ಯಲು ಬಂದ ಟೆಂಪೋ ಒಂದೇ ದಾರಿ. ಅದರ ಡ್ರೈವರ್ ಇಳಿಯದೆಯೇ ಹೇಳಿದ: "ಮೊದ್ಲು ಹೂವು ತುಂಬ್ಸಿ, ಆಮೇಲೆ ಪೇಷಂಟು. ಮಾರ್ಕೆಟ್ನಲ್ಲಿ ಲೇಟಾದ್ರೆ ನನ್ನ ಬೈತಾರೆ."

"ಮನುಷ್ಯ ಸಾಯ್ತಾವ್ನೆ ಕಣೋ!" ಎಂದರು ಮುನಿರಾಜಪ್ಪ.

"ನಾನೇನು ಸಾಯ್ಸಿದ್ನಾ?"

ಆ ಮಾತನ್ನು ನಾನು ಮರೆತಿಲ್ಲ. ಆದರೆ ಅವನೊಬ್ಬನ ಮೇಲೆ ಸಿಟ್ಟಾಗಿ ಏನು ಪ್ರಯೋಜನ? ಔಷಧಿ ಮಾರಿದವನನ್ನಾಗಲಿ, ಹೂವು ಕೊಳ್ಳುವವರನ್ನಾಗಲಿ, ಅಂದು ಯಾರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು. ಆರು ಮೂಟೆ ಹೂವು ಹತ್ತುವವರೆಗೆ ನಾನು ನನ್ನ ಗಂಡನ ತಲೆಯನ್ನು ಒಂದು ಬದಿಗೆ ವಾಲಿಸಿ, ಬಾಯೊಳಗೆ ಬೆರಳಿಟ್ಟು ನೊರೆ ತೆಗೆಯುತ್ತಾ ಕುಳಿತಿದ್ದೆ. ಮುನಿರಾಜಪ್ಪನೂ ಮೂಟೆಗಳನ್ನು ಎತ್ತಿ ಎಸೆದರು. ಹಾಗಾದರೂ ಬೇಗ ಹೊರಡಲಿ ಎಂದು. ಶ್ರೀಧರರನ್ನು ಮೂಟೆಗಳ ಮೇಲೆ ಮಲಗಿಸೋಣ ಎಂದ ಡ್ರೈವರ್. ಆ ಹೂಗಳ ಮೇಲೆಯೇ! ಒಪ್ಪಲಿಲ್ಲ. ಮುಂದಿನ ಸೀಟಿನಲ್ಲಿ ಅವರನ್ನು ನನಗೆ ಒರಗಿಸಿಕೊಂಡು ಕುಳಿತೆ. ದಂಪತಿ ಹಿಂದೆ ಹತ್ತಿದರು.

ಸಾರಕ್ಕಿಯ ಹತ್ತಿರ ಶ್ರೀಧರ್ ಉಸಿರು ಗೊರಗೊರ ಎಂದು ನಿಂತಿತು. ನಾನು ಅವರ ಬೆನ್ನು ಗುದ್ದಿದೆ. ಡ್ರೈವರ್ ಪಕ್ಕಕ್ಕೆ ತಿರುಗಿ ನೋಡಿದ. ಉಸಿರು ಮತ್ತೆ ಬಂತು. ಅಲ್ಲಿಂದ ಆಸ್ಪತ್ರೆಯ ಗೇಟಿನವರೆಗೆ ಅವನು ಹಾರ್ನಿನಿಂದ ಕೈ ತೆಗೆಯಲಿಲ್ಲ.

ತುರ್ತು ವಿಭಾಗದಲ್ಲಿದ್ದ ಯುವ ಡಾಕ್ಟರ್ ಮೊದಲು ಕೇಳಿದ್ದು ನನ್ನನ್ನು: "ಯಾವಾಗ ಕುಡಿದರು? ಮನೆಯಲ್ಲಿ ಜಗಳವಾಗಿತ್ತಾ?"

"ಕುಡಿದಿಲ್ಲ. ತೋಟದಲ್ಲಿ ಮಲಗಿ ಜೇನಿನ ಫೋಟೋ ತೆಗೆಯುತ್ತಿದ್ದರು."

"ಫೋಟೋ ತೆಗೆದರೆ ಬಾಯಲ್ಲಿ ನೊರೆ ಬರುತ್ತಾ ಮೇಡಂ? ನಿಜ ಹೇಳಿ, ಪೊಲೀಸಿಗೆ ನಾವು ಬರೆಯಲೇಬೇಕು."

ಗಂಡ ವಿಷ ಕುಡಿದ ಎಂದರೆ ನಂಬುತ್ತಾರೆ. ದೇವರ ಪೂಜೆಗೆ ಹೋಗುವ ಹೂವಿನಲ್ಲಿ ಮನುಷ್ಯನನ್ನು ಕೆಡವುವ ವಿಷವಿದೆ ಎಂದರೆ ನಂಬುವುದಿಲ್ಲ. "ಕಣ್ಣಿನ ಪಾಪೆ ನೋಡಿ," ಎಂದೆ. "ಅಟ್ರೊಪಿನ್ ಕೊಡಿ. ಆಮೇಲೆ ನನ್ನನ್ನು ಪೊಲೀಸಿಗೆ ಒಪ್ಪಿಸಿ." ನನ್ನ ದನಿ ಇಡೀ ಕಾರಿಡಾರಿಗೆ ಕೇಳಿಸಿತಂತೆ. ಅಷ್ಟರಲ್ಲಿ ಮುನಿರಾಜಪ್ಪ ಸೊಂಟದಿಂದ ಒಂದು ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಬ್ರಾಂದಿ ಸೀಸೆ. ತಳದಲ್ಲಿ ಕಂದು ದ್ರವ. ಚೀಟಿ ಇಲ್ಲ, ಹೆಸರಿಲ್ಲ, ಎಚ್ಚರಿಕೆಯ ತಲೆಬುರುಡೆಯ ಗುರುತಿಲ್ಲ. ಅಂಗಡಿಯವನು ದೊಡ್ಡ ಡಬ್ಬದಿಂದ ಸುರಿದುಕೊಟ್ಟದ್ದಂತೆ. ಡಾಕ್ಟರ್ ಮುಚ್ಚಳ ತೆಗೆದು ಸೀಸೆಯನ್ನು ಮೂಗಿನಿಂದ ದೂರವೇ ಹಿಡಿದರು. ಕೊಳೆತ ಬೆಳ್ಳುಳ್ಳಿಯ ವಾಸನೆ ನನಗೂ ಬಂತು. ಅವರು ಕೂಡಲೇ ಸಿರಿಂಜು ತರಿಸಿದರು.

ವಿಷ ಇಳಿಸುವ ಅಟ್ರೊಪಿನ್, ಹತ್ತು ನಿಮಿಷಕ್ಕೊಂದು ಇಂಜೆಕ್ಷನ್. ಮುನಿರಾಜಪ್ಪ ಹೂವಿನ ಜೊತೆ ಟೆಂಪೋದಲ್ಲಿ ಮಾರುಕಟ್ಟೆಗೆ ಹೊರಟರು. "ಆ ಹೂವನ್ನು ಮಾರಬೇಡಿ," ಎಂದು ನಾನು ಗೇಟಿನ ತನಕ ಓಡಿದೆ. "ಕಟ್ಟುವವರು ಬೆರಳಲ್ಲಿ ಮುಟ್ಟುತ್ತಾರೆ, ಹೆಂಗಸರು ಮುಡಿಯುತ್ತಾರೆ." ಡ್ರೈವರ್ ನನ್ನನ್ನು ಕನಿಕರದಿಂದ ನೋಡಿದ. "ನೀವು ಒಳಗೋಗಿ ಮೇಡಂ, ಸಾರ್‌ನ ನೋಡ್ಕೊಳ್ಳಿ," ಎಂದ. ಮುನಿರಾಜಪ್ಪ ನನ್ನ ಮುಖ ನೋಡಲಿಲ್ಲ.

ಹೊನ್ನಮ್ಮ ಮಾತ್ರ ಉಳಿದಳು. ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತು, ನನ್ನ ಒದ್ದೆ ಸೆರಗನ್ನು ತನ್ನ ಕೈಯಿಂದ ಹಿಂಡಿದಳು. "ನಿಮ್ಮೆಜಮಾನ್ರು ಗಟ್ಟಿ ಅವ್ರೆ, ಉಳೀತಾರೆ," ಎಂದು ಎಷ್ಟು ಸಲ ಹೇಳಿದಳೋ. ಎರಡೂವರೆಗೆ ಶ್ರೀಧರ್ ಕಣ್ಣಿನ ಪಾಪೆ ಅರಳಿತು, ನೊರೆ ನಿಂತು ಬಾಯಿ ಒಣಗಿತು. ನನ್ನ ಹೆಸರನ್ನು ಪೂರ್ತಿ ಹೇಳಿದರು. ಡಾಕ್ಟರ್ ಹೊರಗೆ ಬಂದು, "ಪಾರಾದರು," ಎಂದರು. ನಾನು ಅತ್ತೆ. ಹೊನ್ನಮ್ಮ ನಕ್ಕಳು.

ಡಾಕ್ಟರ್ ಅವಳನ್ನೇ ನೋಡುತ್ತಿದ್ದರು. ಹತ್ತಿರ ಬಂದು, ಅವಳ ಗಲ್ಲ ಎತ್ತಿ, ಕಣ್ಣಿಗೆ ಟಾರ್ಚ್ ಹಿಡಿದರು. ಚಾಚಿದ ಕೈಗಳನ್ನು ನೋಡಿದರು. ಬೆರಳುಗಳು ನಡುಗುತ್ತಿದ್ದವು.

"ಎಷ್ಟು ದಿನದಿಂದ ಹೀಗಿದೆ ಅಮ್ಮ?"

"ಎಂಗೆ ಸಾರ್?"

"ಈ ನಡುಕ. ಕಣ್ಣು ಮಂಜಾಗೋದು."

"ಅದಾ? ಹೂವು ಶುರುವಾದಾಗ್ನಿಂದ. ವಯಸ್ಸಾಯ್ತಲ್ಲ ಸಾರ್." ಅವಳ ವಯಸ್ಸು ಕೇಳಿದರು. ಮೂವತ್ತೆರಡೋ ಮೂವತ್ತಮೂರೋ ಎಂದಳು. ನನ್ನದೂ ಅಷ್ಟೇ.

ಎರಡು ದಿನ ದಾಖಲಾಗಬೇಕು, ಆ ತೋಟಕ್ಕೆ ಕಾಲಿಡಬಾರದು ಎಂದರು ಡಾಕ್ಟರ್. ಅದೇ ಹೊತ್ತಿಗೆ ಮುನಿರಾಜಪ್ಪ ಮಾರುಕಟ್ಟೆಯಿಂದ ಹಿಂತಿರುಗಿದರು. ಹೂವಿಗೆ ಒಳ್ಳೆಯ ಬೆಲೆ ಸಿಕ್ಕಿತ್ತು. ಡಾಕ್ಟರ್ ಹೇಳಿದ್ದನ್ನು ಕೇಳಿ ಅವರು ಹೆಂಡತಿಯ ಮುಖ ನೋಡಿದರು.

"ಇರಿ ಹೊನ್ನಮ್ಮ," ಎಂದೆ. "ನಾನೂ ಇಲ್ಲೇ ಇರ್ತೀನಿ. ನಿಮ್ಮ ಊಟ ನಾನು ತರ್ತೀನಿ."

"ಇನ್ನೂ ಮೂರು ಸಾಲು ಅಂಗೇ ಅದೆ ಅಕ್ಕ," ಎಂದಳು ಅವಳು, ನಾನು ಏನೋ ತಮಾಷೆ ಮಾಡಿದವಳಂತೆ ನಗುತ್ತಾ. "ನಾನು ಮಲುಗುದ್ರೆ ಸೋಮವಾರ ಬರಾದು ನಿಲ್ತದಾ?"

ಡಾಕ್ಟರ್ ಒತ್ತಾಯಿಸಿದರು. ನಾನೂ ಒತ್ತಾಯಿಸಿದೆ. ಆದರೆ ಎಷ್ಟು ಒತ್ತಾಯಿಸಿದೆ? ಬೆಳಿಗ್ಗೆ ನನ್ನ ಗಂಡನಿಗಾಗಿ ಇಡೀ ಕಾರಿಡಾರಿಗೆ ಕೇಳುವಂತೆ ಅರಚಿದ್ದವಳು ಆಗ ಮೆಲುದನಿಯಲ್ಲಿ ಮಾತಾಡುತ್ತಿದ್ದೆ. ದಣಿದಿದ್ದೆ, ನನ್ನವರು ಉಳಿದಿದ್ದರು. ಊರಿಗೆ ಹೊರಟ ಗಂಡ ಹೆಂಡತಿಯ ಜೊತೆ ಗೇಟಿನವರೆಗೆ ನಡೆದೆ. ಕನಕಪುರ ರಸ್ತೆಯ ಬಸ್ಸು ಬಂತು. ಮೆಟ್ಟಿಲು ಎತ್ತರವಿತ್ತು, ಹೊನ್ನಮ್ಮನಿಗೆ ಕಂಬಿ ಹಿಡಿತಕ್ಕೆ ಸಿಗಲಿಲ್ಲ. ನಾನೇ ಅವಳ ಮೊಣಕೈ ಹಿಡಿದು ಮೇಲೆ ಹತ್ತಿಸಿದೆ. ಅವಳು ಕಿಟಕಿಯ ಬಳಿ ಕುಳಿತು, ಸಂಜೆಯ ಕೆಲಸಕ್ಕೆಂದು ಆಗಲೇ ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಳ್ಳುತ್ತಿದ್ದಳು. ಬಸ್ಸು ಬನಶಂಕರಿಯ ಕಡೆಗೆ ತಿರುಗುವವರೆಗೆ ನೋಡುತ್ತಾ ನಿಂತಿದ್ದೆ. ಆಮೇಲೆ ಒಳಗೆ ಹೋದೆ.