ದೊಡ್ಡಪ್ಪನ ಎಲೆ ಯಾವ ಸಾಲಿಗೆ?

ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಮನೆಯಲ್ಲಿ ಒಬ್ಬ ಮನುಷ್ಯ ಸತ್ತೂ ಇರಲಿಲ್ಲ, ಬದುಕಿಯೂ ಇರಲಿಲ್ಲ. ಅವನು ನನ್ನ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ.

ನಾನು ಹುಟ್ಟುವ ಮೊದಲಿನ ಮಾತು. ಚಾಮರಾಜನಗರದ ಸಂತೆಗೆ ಸತ್ಯಮಂಗಲದ ಕಡೆಯ ಮೇಸ್ತ್ರಿಯೊಬ್ಬ ಬಂದು ಮಲಾಯಾದ ರಬ್ಬರ್ ತೋಟಕ್ಕೆ ಆಳು ಹಿಡಿಯುತ್ತಿದ್ದನಂತೆ. ಆಗಷ್ಟೇ ಮದುವೆಯಾಗಿದ್ದ ದೊಡ್ಡಪ್ಪ, ಒಂದೆರಡು ವರ್ಷ ದುಡಿದು ಬರುತ್ತೇನೆ ಎಂದು ಅವನ ಹಿಂದೆ ಹೊರಟ. ಅಷ್ಟರಲ್ಲಿ ಯುದ್ಧ ಬಂತು, ಜಪಾನಿನವರು ಅಲ್ಲಿಗೆ ನುಗ್ಗಿದರು, ಕಾಗದ ನಿಂತಿತು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ನಾನು ಹುಟ್ಟಿ ಸ್ಕೂಲಿಗೂ ಸೇರಿದೆ. ದೊಡ್ಡಪ್ಪ ಮಾತ್ರ ಬರಲಿಲ್ಲ. ಅವನ ಹೆಂಡತಿ, ನಮ್ಮ ದೊಡ್ಡವ್ವ, ತೆರಕಣಾಂಬಿಯ ನಮ್ಮ ಮನೆಯಲ್ಲೇ ಇದ್ದಳು. ಹಣೆಗೆ ಕುಂಕುಮ ಇಟ್ಟುಕೊಂಡು ಹೊಲಕ್ಕೆ ಹೋಗುವಳು, ಬರುವಳು. ಮಾತು ಕಡಿಮೆ.

ತೊಂದರೆ ಇದ್ದದ್ದು ಹಿರಿಯರ ಹಬ್ಬದಲ್ಲಿ. ಮಹಾಲಯ ಅಮಾವಾಸ್ಯೆಯ ದಿನ ಒಳಕೋಣೆಯಲ್ಲಿ ಸತ್ತವರಿಗೆಲ್ಲ ಸಾಲಾಗಿ ಬಾಳೆಲೆ ಹಾಕಿ, ಅವರವರು ಇಷ್ಟಪಡುತ್ತಿದ್ದದ್ದನ್ನು ಬಡಿಸಿ ಎಡೆ ಇಡುತ್ತೇವೆ. ಧೂಪ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಉಸಿರು ಬಿಗಿಹಿಡಿದು ನಿಲ್ಲಬೇಕು. ಆ ಹೊತ್ತಿಗೆ ಅವರು ಬಂದು ಉಣ್ಣುತ್ತಾರೆ ಎಂಬುದು ನಂಬಿಕೆ. ನಂಬಿಕೆ ಅಂತ ಈಗ ಆರಾಮಾಗಿ ಬರೆಯುತ್ತಿದ್ದೇನೆ. ಆಗ ಒಳಗೆ ಎಲೆ ಸರಿದ ಸದ್ದು ನನಗೆ ಕೇಳಿಸುತ್ತಿತ್ತು.

ಆ ಸಾಲಿನಲ್ಲಿ ದೊಡ್ಡಪ್ಪನಿಗೆ ಎಲೆ ಹಾಕಲು ಅಜ್ಜಿ ಬಿಡುತ್ತಿರಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಅವನು ಎಲ್ಲಿದ್ದರೂ ಅಲ್ಲೇ ಉಸಿರು ನಿಲ್ಲುತ್ತದೆ ಎಂಬುದು ಅವಳ ಭಯ. ಊರಿನವರ ಭಯ ಇದಕ್ಕೆ ಉಲ್ಟಾ. ಸತ್ತವನಿಗೆ ಎಡೆ ಇಡದಿದ್ದರೆ ಅವನು ಹಸಿದು ಮನೆ ಸುತ್ತ ತಿರುಗುತ್ತಾನೆ, ಮನೆಯಲ್ಲಿ ಬೆಳೆಯುವುದನ್ನೇ ತಿನ್ನುತ್ತಾನೆ ಎನ್ನುವುದು.

ನಮ್ಮ ಮನೆಯಲ್ಲಿ ಏನೂ ಉಳಿಯುತ್ತಿರಲಿಲ್ಲ ಎನ್ನುವುದೂ ನಿಜವೇ. ನನ್ನ ಬೆನ್ನಿಗೆ ಹುಟ್ಟಿದ ಕೂಸು ತಿಂಗಳು ತುಂಬುವುದರೊಳಗೆ ಹೋಯಿತು. ಅದರ ನಂತರದ್ದು ಚಾಮರಾಜನಗರದ ಆಸ್ಪತ್ರೆಯಲ್ಲಿ ಅಳಲೇ ಇಲ್ಲ. ನೇಗಿಲಿಗೆ ಕಟ್ಟಿದ್ದ ಎತ್ತು ಹೊಲದಲ್ಲೇ ಕುಸಿಯಿತು. ಸಂಜೆಯಾದರೆ ನಮ್ಮ ನಾಯಿ ಖಾಲಿ ಹೊಸ್ತಿಲ ಕಡೆ ನೋಡಿಕೊಂಡು ಬೊಗಳುತ್ತಿತ್ತು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅವ್ವ ಮತ್ತೆ ಬಸುರಿಯಾದಳು. ಆ ಶ್ರಾವಣದಲ್ಲಿ ಕಣಿ ಹೇಳುವ ಹೆಂಗಸೊಬ್ಬಳು ಬಂದು ಜಗುಲಿಯಲ್ಲಿ ಕೂತು, ಅವ್ವನ ಕೈ ಹಿಡಿದು, ಕೈಯನ್ನು ನೋಡದೆ ಬಾಗಿಲನ್ನೇ ನೋಡಿದಳು.

"ಉಣ್ಣಕ್ಕಿಲ್ದೆ ಒಬ್ಬ ನಿಮ್ ಬಾಗ್ಲಲ್ಲೇ ಅಸ್ಕೊಂಡು ನಿಂತವ್ನೆ ಕಣಮ್ಮಿ."

ಅವ್ವ ಅಂದಿನಿಂದ ಬಾಗಿಲ ಕಡೆ ಬೆನ್ನು ಮಾಡಿ ಕೂರಲಿಲ್ಲ.

ಅಪ್ಪ ಒಂದು ಉಪಾಯ ಹುಡುಕಿದ. ದೊಡ್ಡಪ್ಪನ ಜೊತೆಗೇ ಮಲಾಯಾಕ್ಕೆ ಹೋಗಿದ್ದ ಉಮ್ಮತ್ತೂರಿನವನೊಬ್ಬ ವಾಪಸ್ಸು ಬಂದು ಗುಂಡ್ಲುಪೇಟೆಯಲ್ಲಿ ಟೀ ಅಂಗಡಿ ಇಟ್ಟಿದ್ದ. ಹಬ್ಬಕ್ಕೆ ವಾರವಿದ್ದಾಗ ಅಪ್ಪ ಬಸ್ಸಿನಲ್ಲಿ ಅಲ್ಲಿಗೆ ಹೊರಟ. ನಾನು ಅತ್ತೂ ಕರೆದೂ ಜೊತೆಗೆ ಹತ್ತಿದೆ.

ಅಂಗಡಿಯವನ ಒಂದು ಕಾಲಿನ ಮೀನಖಂಡದಲ್ಲಿ ಮಾಂಸವೇ ಇರಲಿಲ್ಲ, ಅಲ್ಲಿ ಚರ್ಮ ಮೂಳೆಗೆ ಅಂಟಿಕೊಂಡು ಹೊಳೆಯುತ್ತಿತ್ತು. ನನಗೆ ಬನ್ನು ಕೊಟ್ಟ. ಅಪ್ಪ ಸುತ್ತಿ ಬಳಸದೆ ಕೇಳಿದ:

"ಅಣ್ಣ, ಒಂದ್ಸಲ ಬಂದು ನಮ್ಮವ್ವನ್ ಮುಂದೆ ಯೋಳ್ಬುಡು. ಅವ್ನು ಸತ್ತೋದ, ನಾನೇ ಮಣ್ಣು ಮಾಡ್ದೆ ಅಂತ."

"ನಾನು ಮಣ್ಣು ಮಾಡಿಲ್ವಲ್ಲಾ."

"ಮಾಡಿದ್ದೀನಿ ಅಂತ ಅಂದ್ಕೊ."

"ಏನ್ಲಾ ನೀನು, ಟೀ ಕುಡಿಯಾಕ್ ಬಂದ್ಯೋ, ನನ್ ಕೈಲಿ ಕೊಲೆ ಮಾಡ್ಸಾಕ್ ಬಂದ್ಯೋ?"

ಬೆಂಚಿನ ಮೇಲಿದ್ದವರು ನಕ್ಕರು. ಅವನು ನಗಲಿಲ್ಲ. ಹಾಲಿನ ಪಾತ್ರೆ ಇಳಿಸಿ ಅಪ್ಪನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದ. ಜಪಾನಿನವರು ತೋಟದ ಆಳುಗಳನ್ನೆಲ್ಲ ತುಂಬಿಕೊಂಡು ಹೋಗಿ ಕಾಡಿನಲ್ಲಿ ರೈಲು ದಾರಿ ಕಡಿಸಿದರಂತೆ. ಜ್ವರ, ಭೇದಿ ಹಿಡಿದವರನ್ನು ಎತ್ತಿಕೊಂಡು ಹೋಗಿ ಒಂದು ಗುಡಿಸಲಿಗೆ ಹಾಕುತ್ತಿದ್ದರಂತೆ.

"ನಿಮ್ಮಣ್ಣನ್ನ ಒಳೀಕೆ ತಕ್ಕೊಂಡೋಗಿದ್ದ ನೋಡ್ದೆ. ಈಚೀಕೆ ತಂದದ್ದ ನೋಡ್ನಿಲ್ಲ. ನಮ್ಮನ್ನ ಬ್ಯಾರೆ ಕಡೀಕೆ ಸಾಗಿಸ್ಬುಟ್ರು."

"ಅಂಗಾದ್ರೆ ಸತ್ತಂಗೇ ಅಲ್ವಾ?"

"ನಾನೂ ಅದೇ ಗುಡ್ಲಲ್ಲಿ ಮಲಗಿದ್ದೋನು ಕಣ್ಲಾ. ನನ್ನೂ ಸತ್ತ ಅಂತ್ಲೇ ಅಂದಿದ್ರು."

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಮನೆಗೆ ಬಂದು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ. ಅಜ್ಜಿಗೆ ಅದರಲ್ಲಿ ಬದುಕಿರುವ ಮಗ ಕಂಡ, ಅವ್ವನಿಗೆ ಗುಡಿಸಲ ಬಾಗಿಲು ಕಂಡಿತು. ದೊಡ್ಡವ್ವ ಎದ್ದು ದನಕ್ಕೆ ನೀರು ಇಡಲು ಹೋದಳು.

ಹಬ್ಬದ ದಿನ ಮೋಡ ಕವಿದಿತ್ತು, ಮಳೆ ಬರಲಿಲ್ಲ. ಬೆಳಗಿನಿಂದ ಮನೆಯ ಮೇಲೆ ಒಂದು ಕಾಗೆಯೂ ಕೂರಲಿಲ್ಲ, ಅದನ್ನು ಎಲ್ಲರೂ ಗಮನಿಸಿದರು. ಅವ್ವನಿಗೆ ದಿನ ಹತ್ತಿರವಿತ್ತು. ಅಜ್ಜಿ ಒಳಕೋಣೆಯಲ್ಲಿ ಎಲೆ ಹಾಸುವಾಗ ಅವ್ವ ಬಾಗಿಲಿಗೆ ಆತು ನಿಂತಳು.

"ಅತ್ತೆ, ಈ ಸಲ ಭಾವಂಗೂ ಒಂದು ಇಟ್ಬುಡಿ."

"ಬದುಕಿರೋ ಮಗಂಗೆ ಎಡೆ ಇಡನಾ? ಎತ್ತ ತಾಯಿ ಕೈಲಿ ಮಾಡ್ಸೋ ಕೆಲ್ಸನಾ ಇದು?"

"ನನ್ ಒಟ್ಟೇಲಿರೋದೂ ಬದುಕೈತೆ ಅತ್ತೆ."

ಅಜ್ಜಿಯ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಅವಳು ಅವ್ವನ ಹೊಟ್ಟೆ ನೋಡಿದಳು, ಖಾಲಿ ನೆಲ ನೋಡಿದಳು. ನನಗೆ ಗೊತ್ತಿದ್ದ ಅಜ್ಜಿ ಜೋರಿನವಳು, ಸಂತೆಯಲ್ಲಿ ಗಂಡಸರನ್ನು ಬಾಯಿ ಮುಚ್ಚಿಸುವವಳು. ಅವತ್ತು ಎಲೆಯನ್ನು ಇಡದೆ, ಬಿಡದೆ, ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು.

ದೊಡ್ಡವ್ವ ಅಡುಗೆ ಒಲೆಯ ಮುಂದಿನಿಂದ ಎದ್ದು ಬಂದು ಆ ಎಲೆಯನ್ನು ಅಜ್ಜಿಯ ಮಡಿಲಿನಿಂದ ತೆಗೆದುಕೊಂಡಳು. ಸತ್ತವರ ಸಾಲಿಗೆ ಹಾಕುತ್ತಾಳೆ ಎಂದುಕೊಂಡೆವು. ಅವಳು ಅದನ್ನು ಹಿಡಿದುಕೊಂಡೇ ಹೊರಗೆ ಬಂದಳು. ಧೂಪ ಹಾಕಿದ್ದಾಯಿತು, ಬಾಗಿಲು ಮುಚ್ಚಿದ್ದಾಯಿತು. ನಾವೆಲ್ಲ ಹೊರಗೆ ನಿಂತಿದ್ದೆವು. ಒಳಗೆ ಏನೋ ಕದಲಿತು. ಹೊಸ್ತಿಲಲ್ಲಿ ನಾಯಿ ಗುರುಗುಟ್ಟಿತು. ಅವ್ವ ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಉಗುರಿನ ಗುರುತು ಮಾರನೇ ದಿನವೂ ಇತ್ತು.

ಬಾಗಿಲು ತೆಗೆದು, ಕೈಮುಗಿದು, ಪಡಸಾಲೆಯಲ್ಲಿ ನಮ್ಮ ಊಟಕ್ಕೆ ಎಲೆ ಹಾಕಿದರು. ದೊಡ್ಡವ್ವ ಅಪ್ಪನ ಬಲಕ್ಕೆ ಇನ್ನೊಂದು ಮಣೆ ಇಟ್ಟು, ಅದರ ಮುಂದೆ ಆ ಎಲೆ ಹಾಸಿದಳು. ಮುದ್ದೆ ಇಟ್ಟಳು, ಕೋಳಿ ಸಾರು ಬಿಟ್ಟಳು.

"ಯಾರ್ಗಮ್ಮಿ ಇದು?" ಎಂದಳು ಅಜ್ಜಿ.

"ನಿಮ್ ಮಗಂಗೆ. ಕಣಿಯೋಳು ಅಸ್ಕೊಂಡು ನಿಂತವ್ನೆ ಅಂದ್ಲು. ಸತ್ತವ್ನೆ ಅಂದ್ಲಾ? ಅಸ್ದಿದ್ರೆ ಬಂದು ತಮ್ಮನ್ ಪಕ್ದಲ್ಲಿ ಕೂತು ಉಣ್ಲಿ."

ಅಪ್ಪ ಖಾಲಿ ಮಣೆಯ ಕಡೆ ತಿರುಗದೆ, ಕತ್ತನ್ನು ಎಡಕ್ಕೇ ಕಟ್ಟಿಹಾಕಿದವನಂತೆ ಉಂಡು ಎದ್ದ. ಮುದ್ದೆಯ ಹಬೆ ಆರಿತು. ಸಾರಿನ ಮೇಲೆ ಜಿಡ್ಡು ಹೆಪ್ಪುಗಟ್ಟಿತು. ಈಗ ಆ ಎಲೆಯನ್ನು ಏನು ಮಾಡುವುದು? ದನಕ್ಕೆ ಹಾಕುವುದೋ, ಮಾಳಿಗೆಯ ಮೇಲೆ ಕಾಗೆಗೆ ಇಡುವುದೋ? ಕಾಗೆಗೆ ಇಟ್ಟರೆ ಅದು ಎಡೆಯೇ ಆಗಿಬಿಡುತ್ತದೆ.

ದೊಡ್ಡವ್ವ ಸೆರಗು ಸಿಕ್ಕಿಸಿಕೊಂಡು ಆ ಮಣೆಯ ಮೇಲೆ ಕೂತಳು. ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಉಣ್ಣುವುದು ನಮ್ಮ ಕಡೆ ಆಗಿನ ಪದ್ಧತಿ. ಗಂಡ ಸತ್ತವಳಿಗೆ ಅಂಥ ಎಲೆ ಎಲ್ಲಿಂದ ಬರಬೇಕು? ಅವಳು ತಣ್ಣಗಾದ ಮುದ್ದೆಯನ್ನು ಮುರಿದು, ಸಾರಿನಲ್ಲಿ ಹೊರಳಿಸಿ, ಎಲ್ಲರ ಮುಂದೆ ಅವಸರವಿಲ್ಲದೆ ನುಂಗಿದಳು. ಅವಳು ಅಷ್ಟು ಉಂಡದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅಜ್ಜಿ ಎದ್ದು ಹೋಗಿ ಬಿಸಿ ಸಾರು ತಂದು, ಸೊಸೆಯ ಎಲೆಗೆ ತಾನೇ ಬಿಟ್ಟಳು.

ದೀಪಾವಳಿಗೆ ಮುಂಚೆ ತಮ್ಮ ಹುಟ್ಟಿದ. ಹುಟ್ಟುತ್ತಲೇ ಅತ್ತ. ಎಲೆಯಿಂದ ಆಯಿತು ಅಂತ ನಾನು ಹೇಳುವುದಿಲ್ಲ, ಕಾಮೆಂಟಿನಲ್ಲಿ ಜಗಳಕ್ಕೆ ಬರಬೇಡಿ. ದೊಡ್ಡಪ್ಪ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಅವ್ವನ ಭಯವೂ ಹೋಗಲಿಲ್ಲ, ವರ್ಷವಿಡೀ ಮಗುವನ್ನು ನೆಲಕ್ಕೆ ಬಿಟ್ಟವಳಲ್ಲ.

ಮುಂದಿನ ಹಬ್ಬದಲ್ಲಿ ಅಪ್ಪನ ಪಕ್ಕ ಮತ್ತೆ ಆ ಮಣೆ, ಆ ಎಲೆ ಬಂದವು. ಅವ್ವನ ಸೊಂಟದಿಂದ ಜಾರಿದ ತಮ್ಮ ಅಂಬೆಗಾಲಿಡುತ್ತಾ ನೇರ ಅಲ್ಲಿಗೇ ಹೋಗಿ, ದೊಡ್ಡಪ್ಪನ ಮುದ್ದೆಗೆ ಎರಡೂ ಕೈ ಹಾಕಿದ. ಅವ್ವ ಚೀರಿದಳು. ಅಪ್ಪ ಎಳೆದುಕೊಳ್ಳಲು ಕೈ ಚಾಚಿದ.

ದೊಡ್ಡವ್ವ ಆ ಕೈಯನ್ನು ತಡೆದಳು.

"ಉಣ್ಲಿ ಬುಡಪ್ಪ. ದೊಡ್ಡಪ್ಪನ್ ಎಲೇಲಿ ಮಕ್ಳು ಉಣ್ದೆ ಇನ್ಯಾರು ಉಣ್ತಾರೆ?"