ಎದುರಂಗಡಿ ಅಕ್ಕನ ಕೈ

ಹೋದ ತಿಂಗಳು ಗಿರಾಕಿಯೊಬ್ಬಳು ಅಳತೆಗೆಂದು ಹಳೆಯ ಬ್ಲೌಸೊಂದನ್ನು ತಂದು ಮೇಜಿನ ಮೇಲೆ ಇಟ್ಟು ಹೋದಳು. ಬಹಳ ಕಾಲ ಟ್ರಂಕಿನ ತಳದಲ್ಲಿದ್ದ ಬಟ್ಟೆ. ಮಡಿಕೆ ಬಿಚ್ಚಿದ ಕೂಡಲೇ ಮುಗ್ಗುಲು ವಾಸನೆ ಮೂಗಿಗೆ ಬಡಿಯಿತು. ಈಗೀಗ ಅಂಥ ವಾಸನೆ ಬಂದರೆ ನಾನು ಮೊದಲು ಮುಖ ತಿರುಗಿಸುತ್ತೇನೆ, ಆಮೇಲೆ ಮಾಸ್ಕ್ ಹುಡುಕುತ್ತೇನೆ. ಮಾಸ್ಕ್ ಹಾಕಿಕೊಂಡು ಬ್ಲೌಸನ್ನು ಬಿಸಿಲಿಗೆ ಹರವಿ ಒಳಮಗ್ಗುಲು ತಿರುವಿ ನೋಡಿದೆ. ಕಂಕುಳಲ್ಲಿ ಒಂದು ಸುಕ್ಕೂ ಇಲ್ಲದ ಜೋಡಣೆ, ಹುಕ್ಕಿನ ಪಟ್ಟಿಯ ತುದಿಯಲ್ಲಿ ಗಂಟು ಕಾಣದಂತೆ ಮುಚ್ಚಿದ ದಾರ... ಯಾರು ಹೊಲಿದದ್ದೆಂದು ಕೇಳಬೇಕಾಗಿರಲಿಲ್ಲ. ದುಃಖ ಆಮೇಲೆ ಬಂತು. ಇಷ್ಟು ವರ್ಷದ ಮೇಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ.

ನಂಜನಗೂಡಿನ ನಮ್ಮ ಬೀದಿಯಲ್ಲಿ ಆಗ ಎದುರುಬದುರಾಗಿ ಎರಡು ಹೊಲಿಗೆ ಅಂಗಡಿಗಳಿದ್ದವು. ಒಂದು ನನ್ನದು, ಇನ್ನೊಂದು ಅವಳದು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಅಕ್ಕ ಎನ್ನುತ್ತಿದ್ದೆ. ಬೀದಿಯವರಿಗೆಲ್ಲ ಅವಳು ಎದುರಂಗಡಿ ಅಕ್ಕ. ಎದುರು ಎಂದರೆ ಯಾರ ಎದುರು? ನನ್ನ ಎದುರು. ಅಂದರೆ ಅವಳ ಗುರುತಿಗೂ ನನ್ನ ಅಂಗಡಿಯೇ ಬೇಕಿತ್ತು, ಆದರೆ ಬ್ಲೌಸು ಹೊಲಿಸಲು ಮಾತ್ರ ಜನಕ್ಕೆ ಅವಳೇ ಬೇಕಿತ್ತು. ಅವಳ ಗಂಡ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕಿದ್ದರು. ತವರು ಟಿ. ನರಸೀಪುರದ ಆಚೆ, ಮುಡುಕುತೊರೆ ಕಡೆಯ ಹಳ್ಳಿ.

ಮದುವೆ ಸೀಸನ್ನಿನಲ್ಲಿ ಒಮ್ಮೆ ಹೆಡತಲೆ ಊರಿನಿಂದ ಹೆಣ್ಣಿನ ತಾಯಿಯೊಬ್ಬರು ರೇಷ್ಮೆ ಸೀರೆಗಳ ಚೀಲ ಹಿಡಿದು ನನ್ನ ಅಂಗಡಿಗೆ ಬಂದರು. ನಾನು ಸಂತೋಷದಿಂದ ಬೆಂಚು ಒರೆಸಿ ಕೂರಿಸಿದೆ, ನೀರು ಕೊಟ್ಟೆ. ನೀರು ಕುಡಿದು ಅವರು ಕೇಳಿದರು: "ಎದುರಂಗಡಿಯವ್ರು ಎಷ್ಟೊತ್ತಿಗೆ ಬತ್ತರವ್ವ? ಬೀಗ ಆಕದೆ." ಅವಳು ಬರುವವರೆಗೂ ಅವರು ನನ್ನ ಬೆಂಚಿನ ಮೇಲೇ ಕೂತಿದ್ದರು. ನಾನು ತಲೆ ಬಗ್ಗಿಸಿ ಯಾವುದೋ ಲಂಗಕ್ಕೆ ಲಾಡಿ ಪೋಣಿಸುತ್ತಿದ್ದೆ...

ಆಮೇಲೆ ಇಬ್ಬರಿಗೂ ಒಂದೇ ಕಾಯಿಲೆ ಬಂತು. ನನಗೆ ಮೊದಲು. ಬೆಳಿಗ್ಗೆ ಎದ್ದರೆ ಬೆರಳುಗಳು ಕಟ್ಟಿಗೆಯಂತೆ ಸೆಟೆದುಕೊಂಡಿರುತ್ತಿದ್ದವು. ಬಿಸಿನೀರಿನಲ್ಲಿ ಅದ್ದಿ ಅದ್ದಿ, ಬಿಸಿಲು ಏರಿದ ಮೇಲೆ ಸೂಜಿ ಹಿಡಿಯಲು ಬರುತ್ತಿತ್ತು. ಮಾರನೆಯ ವರ್ಷ ಅವಳಿಗೂ ಶುರುವಾಯಿತು. ಮೈಸೂರಿನ ಕೀಲಿನ ಡಾಕ್ಟರಮ್ಮ ಇಬ್ಬರದೂ ಸಂಧಿವಾತ ಎಂದರು. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿಬಿದ್ದು ಕೀಲುಗಳನ್ನು ತಿನ್ನುವ ಕಾಯಿಲೆ. ಇಬ್ಬರೂ ಒಂದೇ ರೈಲಿನಲ್ಲಿ ಹೋಗಿ ಒಂದೇ ಸಾಲಿನಲ್ಲಿ ಕೂತು ಬರುತ್ತಿದ್ದೆವು. ಕಿಟಕಿ ಪಕ್ಕ ಕೂತು ಊದಿದ ಬೆರಳುಗಳನ್ನು ಹೋಲಿಸಿ ನೋಡುತ್ತಿದ್ದೆವು. ಅವಳನ್ನು ಕಂಡರೆ ನನಗೆ ಉರಿಯದೇ ಇದ್ದ ಕಾಲವೆಂದರೆ ಅದೊಂದೇ ಎನ್ನಬೇಕು.

ವಾರಕ್ಕೊಮ್ಮೆ ನುಂಗುವ ಮಾತ್ರೆ ನನಗೆ ನಿಧಾನವಾಗಿ ಅಷ್ಟಿಷ್ಟು ಹಿಡಿಯಿತು. ಅವಳಿಗೆ ಹಿಡಿಯಲೇ ಇಲ್ಲ. ಡಾಕ್ಟರು ಹೊಸ ಬಗೆಯ ಇಂಜೆಕ್ಷನ್ ಬರೆದರು. ಅವಳ ಗಂಡನ ಫ್ಯಾಕ್ಟರಿಯ ವಿಮೆಯಲ್ಲಿ ಅದು ಸಿಗುತ್ತಿತ್ತು. ನನಗೆ ಅದು ಕೈಗೆಟಕುವ ಮಾತಾಗಿರಲಿಲ್ಲ. ಕಾಯಿಲೆಯಲ್ಲೂ ಅವಳಿಗೇ ಮೇಲಿನ ಪಂಕ್ತಿ ಎಂದುಕೊಂಡೆ.

ಇಂಜೆಕ್ಷನ್ ಶುರು ಮಾಡುವ ದಿನ ನಾನೂ ಪಕ್ಕದಲ್ಲೇ ಕೂತಿದ್ದೆ. ಡಾಕ್ಟರಮ್ಮ ಎದೆಯ ಎಕ್ಸ್-ರೇ, ಟಿಬಿ ಪರೀಕ್ಷೆ ಎಲ್ಲ ನೋಡಿ ಮುಗಿಸಿದ ಮೇಲೆ ಅವಳ ಕಡೆ ಬಾಗಿ ಹೇಳಿದರು: "ಇದು ಕೀಲಿನ ಊತ ಇಳಿಸುತ್ತೆ. ಜೊತೆಗೆ ನಿಮ್ಮ ಮೈಯ ಕಾವಲನ್ನೂ ಇಳಿಸುತ್ತೆ. ಬೇರೆಯವರಿಗೆ ಏನೂ ಮಾಡದ ಸೋಂಕು ನಿಮ್ಮ ಶ್ವಾಸಕೋಶಕ್ಕೆ ಹಿಡೀಬಹುದು, ಫಂಗಸ್ಸೂ ಹಿಡೀಬಹುದು. ಬೂಷ್ಟು ಹಿಡಿದ ಹುಲ್ಲು, ಗೊಬ್ಬರದ ಗುಂಡಿ, ಹಳೇ ಮನೆ ಧೂಳು, ಇವುಗಳ ಹತ್ತಿರ ಹೋಗಬೇಡಿ. ಕೆಮ್ಮು ಬಂದ್ರೆ ಕಾಯಬೇಡಿ. ಜ್ವರ ಜೋರಾಗಿ ಬರಲಿ ಅಂತಲೂ ಕಾಯಬೇಡಿ, ಈ ಔಷಧಿ ತಗೊಳ್ಳೋರಿಗೆ ಅದು ಸರಿಯಾಗಿ ಕಾಣಿಸದೇ ಇರಬಹುದು. ಬೇರೆ ಯಾವ ಡಾಕ್ಟ್ರ ಹತ್ರ ಹೋದ್ರೂ ಈ ಇಂಜೆಕ್ಷನ್ ವಿಷಯ ಹೇಳಿ."

"ಆಯ್ತು ಮೇಡಂ" ಎಂದಳು. ರೈಲಿನಲ್ಲಿ ನಕ್ಕಳು. "ಲೋಟ ಎತ್ತಕಾಗಲ್ಲ ಈ ಕೈಲಿ. ಬೂಷ್ಟು ಉಲ್ಲು ಎಲ್ಲಿ ಎತ್ಲಿ?"

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳು ಬೀದಿ ದಾಟಿ ಬಂದಳು. ನನ್ನ ಮುಖದ ಮುಂದೆ ಮುಷ್ಟಿ ಕಟ್ಟಿದಳು, ಬಿಚ್ಚಿದಳು. ಮತ್ತೆ ಕಟ್ಟಿದಳು. ಆಮೇಲೆ ನಾನು ಎರಡು ಕೈಯಲ್ಲಿ ಹಿಡಿದು ಒದ್ದಾಡುತ್ತಿದ್ದ ದೊಡ್ಡ ಕತ್ತರಿಯನ್ನು ಮೇಜಿನಿಂದ ತೆಗೆದುಕೊಂಡು, ನಾನು ಗೆರೆ ಹಾಕಿಟ್ಟಿದ್ದ ಬಟ್ಟೆಯನ್ನು ಒಂದೇ ಉಸಿರಿಗೆ ಕತ್ತರಿಸಿ ಇಟ್ಟಳು.

"ಎಂಗದೆ?" ಎಂದಳು.

"ಚೆನ್ನಾಗದೆ ಕಣಕ್ಕ" ಎಂದೆ. ಆ ಬಟ್ಟೆಯನ್ನು ನಾನು ಸಂಜೆಯವರೆಗೂ ಮುಟ್ಟಲಿಲ್ಲ.

ಆ ವರ್ಷ ಅವಳ ಅಂಗಡಿಯ ಮುಂದೆ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ. ನನ್ನ ಕೈ ನಿಧಾನವಾದ ಮೇಲೂ ಬಿಟ್ಟುಹೋಗದಿದ್ದ ಒಂದಿಬ್ಬರು ಹಳೆಯ ಗಿರಾಕಿಗಳೂ ಬೀದಿಯ ಆ ಬದಿಗೆ ದಾಟಿದರು. ಅವಳ ಮಿಷನ್ನಿನ ಸದ್ದು ನಿಲ್ಲದೆ ಓಡುತ್ತಿತ್ತು, ನನ್ನದು ಕುಂಟುತ್ತಿತ್ತು. ಯಾವ ಸದ್ದು ಯಾರದೆಂದು ಕಣ್ಣು ಮುಚ್ಚಿದರೂ ತಿಳಿಯುತ್ತಿತ್ತು.

ಸುಗ್ಗಿಯಲ್ಲಿ ಅಕಾಲ ಮಳೆ ಬಿದ್ದು ಅವಳ ತವರಿನಲ್ಲಿ ಹುಲ್ಲಿನ ಮೆದೆ ಒಳಗೊಳಗೇ ನೆನೆದು ಮುಗ್ಗಿತ್ತಂತೆ. ಅಣ್ಣನಿಗೆ ಆಳು ಸಿಕ್ಕಿರಲಿಲ್ಲ. ಹಬ್ಬಕ್ಕೆಂದು ಹೋದವಳು ಸೆರಗು ಸಿಕ್ಕಿಸಿ ಮೆದೆ ಹತ್ತಿ, ಅಷ್ಟನ್ನೂ ಕಿತ್ತು ಬಿಸಿಲಿಗೆ ಹರಡಿದಳು. ವಾಪಸು ಬಂದು ಫೋನಿನಲ್ಲಿ ಫೋಟೋ ತೋರಿಸಿದಳು. ತಲೆಗೆ ಟವೆಲ್ ಸುತ್ತಿಕೊಂಡು ಮೆದೆಯ ಮೇಲೆ ನಿಂತಿದ್ದಾಳೆ. ಎರಡು ತೋಳಿನ ತುಂಬ ಹುಲ್ಲು. ಮೂಗಿಗೆ ಏನೂ ಕಟ್ಟಿಲ್ಲ. ಸುತ್ತ ಬೂದುಬಣ್ಣದ ಧೂಳು, ಹೊಗೆಯ ಹಾಗೆ.

"ಡಾಕ್ಟ್ರು ಹೇಳಿದ್ದು ಮರ್ತೋಯ್ತಾ?" ಎಂದೆ.

"ಅಳ್ಳೀಲಿ ಉಟ್ಟಿ ಬೆಳ್ದೋಳ್ಗೆ ಉಲ್ಲು ಏನ್ ಮಾಡ್ತದೆ? ಎಷ್ಟ್ ವರ್ಸ ಆಗಿತ್ತು ಗೊತ್ತಾ ಕೈತುಂಬ ಏನಾದ್ರೂ ತಬ್ಕೊಂಡು."

ನನಗೂ ಅಷ್ಟೇ ವರ್ಷ ಆಗಿತ್ತು.

ಕೆಲವು ವಾರ ಕಳೆದ ಮೇಲೆ ಅವಳ ಮಿಷನ್ನು ನಡುನಡುವೆ ನಿಲ್ಲತೊಡಗಿತು. ನಿಂತಾಗ ಕೆಮ್ಮು ಕೇಳುತ್ತಿತ್ತು. ಒಣ ಕೆಮ್ಮು. ಪಕ್ಕದ ಬೀದಿಯ ಕ್ಲಿನಿಕ್ಕಿನಲ್ಲಿ ಸಿರಪ್ ಬರೆಸಿಕೊಂಡಳು. ಇಂಜೆಕ್ಷನ್ ವಿಷಯ ಅಲ್ಲಿ ಬಾಯಿ ಬಿಡಲಿಲ್ಲ. ಸಿರಪ್ ಮುಗಿಯಿತು, ಇನ್ನೊಂದು ಬಂತು. ಜ್ವರ ಇದೆಯೋ ಇಲ್ಲವೋ ಎನ್ನುವಂತೆ ಮೈ ಬೆಚ್ಚಗಿರುತ್ತಿತ್ತು. ನನಗೆ ದಿಗಿಲಾದದ್ದು ಕೆಮ್ಮಿಗಿಂತ ಅವಳ ಬ್ಲೌಸು ನೋಡಿ. ಎರಡೂ ಮಗ್ಗುಲಲ್ಲಿ ಒಳಗೆ ಹಿಡಿದು ಹೊಲಿದುಕೊಂಡಿದ್ದಳು. ಸ್ವಲ್ಪ ದಿನಕ್ಕೆ ಆ ಹೊಲಿಗೆಯ ಒಳಗೆ ಇನ್ನೊಂದು ಹೊಲಿಗೆ ಬಂತು. ಬೇರೆ ಯಾರಿಗೂ ಕಾಣುತ್ತಿರಲಿಲ್ಲ. ನನಗೆ ಕಂಡಿತು.

ಬೀದಿ ದಾಟಿ ಹೋದೆ. "ಮೈಸೂರಿಗೆ ಫೋನ್ ಮಾಡಕ್ಕ."

"ಮಾಡುದ್ರೆ ಇಂಜೆಕ್ಸನ್ ನಿಲ್ಸು ಅಂತರೆ."

"ನಿಲ್ಸುದ್ರೆ ನಿಲ್ಸ್ಲಿ. ಜೀವ ಇದ್ರಲ್ವಾ ಕೈಯಿ?"

ಅವಳು ಪೆಡಲಿನ ಮೇಲಿಂದ ಕಾಲು ತೆಗೆದು ನನ್ನನ್ನೇ ನೋಡಿದಳು. ದನಿ ಏರಿಸಲಿಲ್ಲ. "ನಿಂಗೆ ಬೇಕಾಗಿರದೂ ಅದೇ. ನನ್ ಕೈ ತಿರ್ಗ ಕಟ್ಕೊಂಡ್ರೆ ನಿನ್ ಅಂಗ್ಡಿ ತುಂಬ್ತದೆ. ಒಟ್ಟೆಕಿಚ್ಚು ಕಣೆ ನಿಂಗೆ. ಇವತ್ತಿಂದಲ್ಲ, ಮೊದ್ಲಿಂದ್ಲೂ."

ಅವಳು ಹೇಳಿದ್ದು ಸುಳ್ಳಲ್ಲ. ನಾನು ಹೇಳಿದ್ದೂ ಸುಳ್ಳಲ್ಲ. ಆದರೆ ಹೊಟ್ಟೆಕಿಚ್ಚಿನವಳ ಬಾಯಿಂದ ಬಂದ ನಿಜವನ್ನು ಯಾರು ನಂಬುತ್ತಾರೆ... ತಿರುಗಿ ಬಂದು ನನ್ನ ಮಿಷನ್ನಿನ ಮುಂದೆ ಕೂತೆ. ಆ ಕಡೆಯಿಂದ ಮತ್ತೆ ಕೆಮ್ಮು ಕೇಳಿತು. ಎದ್ದು ಬಸ್ ನಿಲ್ದಾಣದ ಹತ್ತಿರ ಹೋಗಿ, ಶಿಫ್ಟ್ ಮುಗಿಸಿ ಬರುತ್ತಿದ್ದ ಅವಳ ಗಂಡನನ್ನು ತಡೆದು ನಿಲ್ಲಿಸಿದೆ.

"ಭಾವ, ಅಕ್ಕನ್ನ ಮೈಸೂರಿಗೆ ಕರ್ಕೊಂಡೋಗಿ. ಇವತ್ತೇ ಫೋನ್ ಮಾಡಿ."

"ಜ್ವರನೇ ಇಲ್ವಲ್ಲವ್ವ. ಬರೀ ಕೆಮ್ಮು ಅಂತಿದ್ಲು."

"ಜ್ವರ ಕಾಣ್ಸಲ್ಲ ಅಂತ ಡಾಕ್ಟ್ರೇ ಹೇಳವ್ರೆ. ಅವಳ ಬ್ಲೌಸ್ ನೋಡಿ ಭಾವ, ಎರಡು ಸಲ ಒಳಗೆ ಹಿಡ್ದವ್ಳೆ, ಅಷ್ಟು ಸೊರಗವ್ಳೆ."

ಅವರಿಗೆ ಹೊಲಿಗೆ ತಿಳಿಯದು. ಆದರೂ ಅದು ನಾಟಿತು. ಮರುದಿನವೇ ಕರೆದುಕೊಂಡು ಹೋದರು.

ಸ್ಕ್ಯಾನಿನಲ್ಲಿ ಬಲಗಡೆ ಶ್ವಾಸಕೋಶದಲ್ಲಿ ಗಂಟುಗಂಟಾಗಿ ಕಂಡಿತು. ಗಂಟಲಿನಿಂದ ನಳಿಕೆ ಇಳಿಸಿ ಒಳಗಿನ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಫಂಗಸ್ಸು. ನಾವೆಲ್ಲ ದಿನವೂ ಉಸಿರಾಡುವ ಗಾಳಿಯಲ್ಲೇ ಇರುವಂಥದ್ದಂತೆ, ಮುಗ್ಗಿದ ಹುಲ್ಲಿನಲ್ಲಿ ಇನ್ನೂ ಹೆಚ್ಚಂತೆ. ಹುಲ್ಲಿನಿಂದಲೇ ಬಂತೇ ಎಂದು ಭಾವ ಕೇಳಿದಾಗ ಡಾಕ್ಟರಮ್ಮ, "ಇರಬಹುದು, ಖಚಿತವಾಗಿ ಹೇಳೋಕಾಗಲ್ಲ. ಆದ್ರೆ ಕೆಮ್ಮು ಶುರುವಾದಾಗಲೇ ಬರಬೇಕಿತ್ತು" ಎಂದರಂತೆ. ಇಂಜೆಕ್ಷನ್ ನಿಲ್ಲಿಸಿದರು. ಫಂಗಸ್ಸಿನ ಔಷಧಿ ಶುರುವಾಯಿತು, ತಿಂಗಳುಗಟ್ಟಲೆ ನುಂಗಬೇಕಾದದ್ದು.

ನಾನು ನೋಡಲು ಹೋದಾಗ ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ತಿರುಗದೆಯೇ ಕೇಳಿದಳು.

"ಏಳ್ಬುಟ್ಟೆ ಅಲ್ವಾ ನಮ್ಮನೆಯವ್ರ್ಗೆ?"

"ಹೂಂ."

"ನಿಂತ್ಕೊಂಡೇ ಇದ್ದೀಯಲ್ಲ, ಕೂತ್ಕೊ."

ಕೂತೆ.

ಮನೆಗೆ ಬಂದ ಮೇಲೆ ಉಸಿರು ಸ್ವಲ್ಪ ಸ್ವಲ್ಪವಾಗಿ ಸುಧಾರಿಸಿತು, ಕೈ ಸ್ವಲ್ಪ ಸ್ವಲ್ಪವಾಗಿ ಮುಚ್ಚಿಕೊಂಡಿತು. ಮೊದಲಿಗಿಂತ ಕೆಟ್ಟದಾಗಿ. ಅಂಗಡಿ ಬಾಗಿಲು ಹಾಕಿದರು, ಮಿಷನ್ನನ್ನು ಮನೆಯೊಳಗೆ ಒಯ್ದು ಬಟ್ಟೆ ಮುಚ್ಚಿದರು. ಮಧ್ಯಾಹ್ನದ ಹೊತ್ತು ಅವಳು ಬಂದು ನನ್ನ ಬೆಂಚಿನ ಮೇಲೆ ಕೂರುವುದು ರೂಢಿಯಾಯಿತು. ಸುಮ್ಮನೆ ಕೂರುವ ಹೆಂಗಸೇ ಅವಳು? "ಕಂಕುಳಲ್ಲಿ ಎಳೀತಾ ಇದ್ದೀಯ, ಬುಡು ಸಡ್ಲ" ಎನ್ನುತ್ತಿದ್ದಳು. "ಆ ತೋಳು ಬಿಚ್ಚು. ಬಿಚ್ಚು ಅಂದ್ನಲ್ಲ." ಅವಳ ಗಿರಾಕಿಗಳು ಈಗ ನನ್ನ ಬಳಿ ಬರುತ್ತಿದ್ದರು. ಅಳತೆ ಕೊಡುವಾಗ ಅವರು ಮಾತಾಡುತ್ತಿದ್ದದ್ದು ಅವಳ ಜೊತೆ, ನನ್ನ ಜೊತೆ ಅಲ್ಲ. ಆಗಲೂ ನನಗೆ ಉರಿಯುತ್ತಿತ್ತು. ಹೊಲಿಯುವ ಕೈ ನನ್ನದು, ಹೊಗಳಿಕೆ ಬೆಂಚಿನ ಮೇಲಿದ್ದವಳಿಗೆ.

ಒಂದು ದಿನ ನಾನು ಹುಕ್ಕು ಹಾಕುತ್ತಿದ್ದಾಗ ಅವಳು ನನ್ನ ಬೆರಳುಗಳನ್ನೇ ನೋಡುತ್ತ ಕೂತಿದ್ದಳು. ವಾರದ ಮಾತ್ರೆ ನನಗೆ ಅಷ್ಟರಲ್ಲಿ ಪರವಾಗಿಲ್ಲ ಎನ್ನುವಷ್ಟು ಹಿಡಿದಿತ್ತು.

"ಈಗ ನಂಗೆ ಒಟ್ಟೆಕಿಚ್ಚು ಕಣೆ" ಎಂದಳು. "ನಿನ್ ಕೈ ನೋಡುದ್ರೆ ಮೈಯೆಲ್ಲ ಉರೀತದೆ."

ಆ ಮಾತು ಕೇಳಿ ನನಗೆ ಸ್ವಲ್ಪವೂ ಸಮಾಧಾನವಾಗಲಿಲ್ಲ ಎಂದರೆ ಸುಳ್ಳಾದೀತು. ಆಯಿತು. ಆದರೆ ಅದು ತಲೆ ಎತ್ತಿ ಅವಳ ಮುಖ ನೋಡುವವರೆಗೆ ಮಾತ್ರ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು. ಊದಿ ಸೊಟ್ಟಗಾದ ಬೆರಳುಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಜೋಡಿಸಿಟ್ಟುಕೊಂಡಿದ್ದಳು.

"ಇಂಜೆಕ್ಸನ್ ಸಿಕ್ಕುದ್ರೆ ನೀನೂ ತಗೊ" ಎಂದಳು ಆಮೇಲೆ. "ಎದರ್ಕೋಬೇಡ. ಆ ಒಂದ್ ವರ್ಸ ನಂಗೆ ಎಂಗಿತ್ತು ಅಂತ ನಿಂಗೇ ಗೊತ್ತು. ಕೆಮ್ಮು ಬಂದ್ರೆ ಮಾತ್ರ ಮುಚ್ಚಿಡ್ಬೇಡ. ನನ್ನಂಗೆ ಮಾಡ್ಬೇಡ."

ಔಷಧಿ ಮುಗಿಯುತ್ತ ಬಂದಿತ್ತು. ವಾಸಿಯಾಯಿತೆಂದೇ ಎಲ್ಲರೂ ಅಂದುಕೊಂಡಿದ್ದೆವು. ಆದರೆ ಫಂಗಸ್ಸು ಕೊರೆದ ಜಾಗ ಒಳಗೆ ಟೊಳ್ಳಾಗಿ ಉಳಿದಿತ್ತಂತೆ. ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕೆಮ್ಮಿದಾಗ ರಕ್ತ ಬಂತು. ಭಾವ ಆಂಬುಲೆನ್ಸ್ ಕರೆಸಿದರು. ಬೀದಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದೆವು. ಸ್ಟ್ರೆಚರಿನ ಮೇಲಿಂದ ಅವಳು ನನ್ನ ಕಡೆ ಕೈ ಎತ್ತಿದಳು, ಬೀಸಲು ಆಗಲಿಲ್ಲ. ಮೈಸೂರಿನಿಂದ ಅವಳು ತಿರುಗಿ ಬರಲಿಲ್ಲ...

ವರ್ಷಗಳು ಕಳೆದವು. ವಾರದ ಮಾತ್ರೆ ನನಗೂ ಸಾಲದಾಯಿತು. ಈಗ ಅದೇ ಬಗೆಯ ಇಂಜೆಕ್ಷನ್ ನಮ್ಮಂಥವರ ಕೈಗೂ ಎಟಕುತ್ತದೆ, ನಾನೂ ತೆಗೆದುಕೊಳ್ಳುತ್ತಿದ್ದೇನೆ. ಶುರು ಮಾಡುವ ಮೊದಲು ಡಾಕ್ಟರಮ್ಮ ಅದೇ ಮಾತುಗಳನ್ನು ಹೇಳಿದರು. ನಾನು ಅವರ ಮುಖ ನೋಡಿದೆ, ಅವರೂ ನನ್ನ ಮುಖ ನೋಡಿದರು. ಹೋದ ಚಳಿಗಾಲದಲ್ಲಿ ಸಣ್ಣ ಕೆಮ್ಮು ಬಂದಾಗ ಅಂದೇ ಫೋನ್ ಮಾಡಿದೆ. ಬಂದು ತೋರಿಸಿ ಎಂದರು, ಹೋದೆ, ಏನೂ ಇರಲಿಲ್ಲ. ಬರುವಾಗ ರೈಲಿನಲ್ಲಿ ಪಕ್ಕದ ಸೀಟು ಖಾಲಿಯಿತ್ತು. ಅದರ ಮೇಲೆ ಚೀಲವಿಡಲು ಮನಸ್ಸಾಗಲಿಲ್ಲ.

ಈಗ ಬೀದಿಗೆ ನಾನೊಬ್ಬಳೇ ಟೈಲರ್. ಆದರೂ ಗಿರಾಕಿಗಳು, "ಅವ್ರು ಹೊಲೀತಿದ್ರಲ್ಲ, ಆ ಥರ" ಎನ್ನುತ್ತಾರೆ. ಸತ್ತವಳ ಹೊಲಿಗೆ ಇನ್ನು ಕೆಡುವಂತಿಲ್ಲ. ನನ್ನದು ಯಾವತ್ತು ಬೇಕಾದರೂ ಕೆಡಬಹುದು. ಅದಕ್ಕೂ ನನಗೆ ಅವಳ ಮೇಲೆ ಉರಿಯುತ್ತದೆ.

ಮೊನ್ನೆ ಶುಕ್ರವಾರ ಒಂದು ಕಟೋರಿ ಬ್ಲೌಸ್ ಮುಗಿಸಿದೆ. ಜಾರುವ ಬಟ್ಟೆ, ಎದೆಗೆ ಬಟ್ಟಲಿನಂತೆ ತುಂಡು ಜೋಡಿಸುವ, ಒರೆಗೆ ಹಚ್ಚುವಂಥ ಕೆಲಸ. ಬೊಂಬೆಗೆ ತೊಡಿಸಿ ನೋಡಿದರೆ ಎಲ್ಲೂ ಒಂದು ಸುಕ್ಕಿಲ್ಲ. ಇಷ್ಟು ವರ್ಷದಲ್ಲಿ ನಾನು ಅಷ್ಟು ಚೆನ್ನಾಗಿ ಹೊಲಿದದ್ದಿಲ್ಲ. ನನಗೇ ತಿಳಿಯದಂತೆ ಬೊಂಬೆಯನ್ನು ಎತ್ತಿ ಬಾಗಿಲಿಗೆ ತಂದು, ಬೀದಿಯ ಕಡೆ ಮುಖ ಮಾಡಿ ನಿಲ್ಲಿಸಿದೆ. ಅವಳು ನೋಡಲಿ, ನೋಡಿ ಉರಿದುಕೊಳ್ಳಲಿ ಎಂದು.

ಎದುರಿಗೆ ಈಗ ಮೊಬೈಲ್ ಕವರ್ ಮಾರುವ ಅಂಗಡಿ. ಅಲ್ಲಿದ್ದವರು ಯಾರೂ ತಲೆ ಎತ್ತಲಿಲ್ಲ.