ಮಗ್ಗದ ಮನೆಯ ಬೆಳ್ಳಿಗೆ ಹೊಸ ರೆಪ್ಪೆ

"ಕೆಳಗಿನ ರೆಪ್ಪೆ ಪೂರ್ತಿ ತೆಗೀಬೇಕಮ್ಮಾ" ಅಂದರು ಡಾಕ್ಟರು.

ನಮ್ಮ ಬಿಳಿ ಬೆಕ್ಕು ಬೆಳ್ಳಿ ಟೇಬಲ್ ಮೇಲೆ ಮುದುರಿ ಕೂತಿದ್ದಳು. ಕಣ್ಣಿನ ಕೆಳಗೆ ಎಷ್ಟು ಅರಿಶಿನ ಮೆತ್ತಿದರೂ ಆರದ ಹುಣ್ಣು. ಕಚ್ಚಾಟದ ಗಾಯ ಅಂದುಕೊಂಡಿದ್ದೆವು... ಚರ್ಮದ ಕ್ಯಾನ್ಸರ್ ಅಂತೆ.

ತೊಂಬತ್ತರ ದಶಕದ ಮಾತು. ದೊಡ್ಡಬಳ್ಳಾಪುರದಲ್ಲಿ ನಮ್ಮದು ಪವರ್‌ಲೂಮ್ ಮನೆ. ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ ಹತ್ತಿ ಬೆಂಗಳೂರಿನ ಪಶು ಆಸ್ಪತ್ರೆಗೆ ಬಂದಿದ್ದೆ.

"ರೆಪ್ಪೆ ತೆಗೆದ್ರೆ ಕಣ್ಣು ಮುಚ್ಚೋದು ಹೆಂಗೆ ಸಾರ್?"

"ಕೆನ್ನೆ ಚರ್ಮ ಮೇಲಕ್ಕೆಳೆದು ಹೊಲೀತೀನಿ. ಅದು ಹಿಡ್ಕೊಂಡ್ರೆ ಕಣ್ಣು ಉಳೀತು. ಹಗಲೆಲ್ಲ ಎಲ್ಲಿರುತ್ತೆ ಇದು?"

ನಮ್ಮೂರ ಮಗ್ಗದ ಮನೆಗಳಿಗೆಲ್ಲ ಒಂದೇ ಕಾನೂನು. ಮಗ್ಗ ಓಡುವಾಗ ಬೆಕ್ಕು ಹೊರಗೆ, ರೇಷ್ಮೆ ಎಳೆಗೆ ಉಗುರು ತಾಗಬಾರದು. ಮಗ್ಗ ನಿಂತ ಮೇಲೆ ಒಳಗೆ, ಇಲಿ ಹಿಡಿಯಬೇಕು.

ಹಗಲೆಲ್ಲ ಬೆಳ್ಳಿ ಮಾಡಿನ ತಗಡು ಶೀಟಿನ ಮೇಲೆ, ಸುಡು ಬಿಸಿಲಲ್ಲಿ.

"ಬಿಳಿ ಬೆಕ್ಕಿಗೆ ಬಿಸಿಲಿಂದಾನೇ ಇದು ಬರೋದು. ಇನ್ಮೇಲೆ ಹೊರಗೆ ಬಿಡ್ಬೇಡಿ" ಅಂದರು ಡಾಕ್ಟರು.

ಆಪರೇಷನ್ ಆಯಿತು. ಸುದ್ದಿ ನಮ್ಮ ನೇಕಾರರ ಸಂಘಕ್ಕೂ ಮುಟ್ಟಿತು.

"ಏನಕ್ಕಾ, ನೇಯೋರಿಗೇ ಆಸ್ಪತ್ರೇಲಿ ಹಾಸ್ಗೆ ಸಿಗಲ್ಲ, ನಿನ್ ಬೆಕ್ಕಿಗೆ ಪ್ಲಾಸ್ಟಿಕ್ ಸರ್ಜರೀನಾ?" ಅಂತ ಒಬ್ಬ ನಕ್ಕ.

"ಹೌದಪ್ಪಾ. ಅವ್ಳೂ ನೈಟ್ ಶಿಫ್ಟ್ ಮಾಡ್ತಾಳೆ. ಇನ್ನೂ ಮೆಂಬರ್ ಆಗಿಲ್ಲ ಅಷ್ಟೆ!"

ಅವನ ಬಾಯಿ ಮುಚ್ಚಿಸುವುದು ಸುಲಭ. ನಮ್ಮತ್ತೆಯದು ಕಷ್ಟ.

"ಹಗಲೊತ್ತು ಒಳಗಾ? ಎಳೆ ಕಿತ್ತಾಕಿದ್ರೆ ಗಂಟ್ ಹಾಕ್ತಾ ಕೂರೋರು ಯಾರೇ?"

"ನಾನೇ ಕೂರ್ತೀನತ್ತೆ. ಅವ್ಳು ಹೊರಗಾದ್ರೆ ನಾನೂ ಮಗ್ಗ ಮುಟ್ಟಲ್ಲ."

ಮಗ್ಗ ಮುಟ್ಟಲ್ಲ ಅನ್ನೋದು ಸಂಘದ ಮುಷ್ಕರಗಳಲ್ಲಿ ನಾನು ಬೀದಿಯಲ್ಲಿ ಎಷ್ಟೋ ಸಲ ಕೂಗಿದ ಮಾತು. ಮನೆಯೊಳಗೆ ಅದೇ ಮೊದಲು.

ಅತ್ತೆ ಗೊಣಗುತ್ತಲೇ ಮೂಲೆಯಲ್ಲೊಂದು ಗೋಣಿಚೀಲ ಹಾಸಿದರು.

ಹೊಲಿಗೆ ಊದಿಕೊಂಡು, ಕಣ್ಣು ಅರೆತೆರೆದೇ ಇತ್ತು. ಸದಾ ನೀರು. ಚರ್ಮ ಹಿಡಿಯುತ್ತೋ ಇಲ್ಲವೋ ಅಂತ ಶಟಲ್ ಬದಲಿಸುವಾಗಲೆಲ್ಲ ತಿರುಗಿ ನೋಡುತ್ತಿದ್ದೆ.

ಒಂದು ಮಧ್ಯಾಹ್ನ. ಎರಡೂ ಮಗ್ಗ ಓಡುತ್ತಿವೆ, ಕಿವಿಗಡಚಿಕ್ಕುವ ಸದ್ದು. ಅದನ್ನೂ ಮೀರಿ ಅತ್ತೆ ಕೂಗುತ್ತಾರೆ...

"ಲೇ, ಬಾರೇ ಇಲ್ಲಿ! ಮುಚ್ಕೊಂಡೈತೆ ಕಣೇ... ಎರಡೂ!"

ಓಡಿ ಬಂದು ನೋಡುತ್ತೇನೆ. ಆ ಗದ್ದಲದಲ್ಲೂ ಬೆಳ್ಳಿ ನಿದ್ದೆ ಹೋಗಿದ್ದಾಳೆ, ಎರಡೂ ಕಣ್ಣು ಮುಚ್ಚಿಕೊಂಡು.

ಮುಂದೆ ಆ ರೆಪ್ಪೆಯ ಮೇಲೆ ಕೆನ್ನೆಯ ಕೂದಲು ಅಡ್ಡಡ್ಡ ಬೆಳೆಯಿತು. ಕೇರಿಯವರು ಸೊಟ್ಟಮೂತಿ ಅಂದರು. ಅಂದುಕೊಳ್ಳಲಿ! ಇಲಿಗಳೇನೂ ಅವಳ ಮುಖ ನೋಡಿ ನಗಲಿಲ್ಲ. ಒಂದೇ ಒಂದು ಎಳೆಯನ್ನೂ ಅವಳು ಕೀಳಲಿಲ್ಲ.

ದುಡಿಸಿಕೊಂಡವರು ನೆರಳನ್ನೂ ಕೊಡಬೇಕು. ನಿಮ್ಮನೆಯ ಬಿಳಿ ಬೆಕ್ಕು ಹಗಲೆಲ್ಲ ಎಲ್ಲಿ ಮಲಗುತ್ತೆ, ಯಾವತ್ತಾದರೂ ನೋಡಿದ್ದೀರಾ?